ಶಿವಪಾಲಗಂಜದಲ್ಲಿ ಓದುಗನ ಜಾಗ

ಸಹಕಾರ ಸಂಘದ ಗೋದಾಮಿನಿಂದ ಗೋಧಿ ಮೂಟೆಗಳು ಲಾರಿ ಹತ್ತಿ ಹೋಗಿಬಿಡುತ್ತವೆ. ಮೂಟೆಗಳ ಜೊತೆಗೆ ಸೂಪರ್‌ವೈಸರನೂ ಹೋಗಿಬಿಡುತ್ತಾನೆ. ಸಂಘದ ಮ್ಯಾನೇಜಿಂಗ್ ಡೈರೆಕ್ಟರಾದ ವೈದ್ಯಜೀಗೆ ಸುದ್ದಿ ಮುಟ್ಟಿದಾಗ ಅವರ ಎದೆಯೇನೂ ಒಡೆಯುವುದಿಲ್ಲ, ಒಂದು ಬಗೆಯ ನಿರಾಳವೇ ಆಗುತ್ತದೆ. ಇಷ್ಟು ವರ್ಷ ನಮ್ಮ ಸಂಘದಲ್ಲಿ ಹಣ ನುಂಗಿದ ಒಂದು ಪ್ರಕರಣವೂ ಇರಲಿಲ್ಲ, ಹಾಗಾಗಿ ಜನ ನಮ್ಮನ್ನು ಅನುಮಾನದಿಂದ ನೋಡುತ್ತಿದ್ದರು. ಈಗ ಒಂದು ಆಗಿದೆ, ಆದದ್ದನ್ನು ನಾವು ಮುಚ್ಚಿಡಲಿಲ್ಲ, ಅಂದಮೇಲೆ ನಾವು ಪ್ರಾಮಾಣಿಕರೆಂದು ಇನ್ನು ಮುಂದೆ ಎದೆಯುಬ್ಬಿಸಿ ಹೇಳಬಹುದು. ಅವರ ತರ್ಕದ ಸಾರ ಇಷ್ಟು.

ಶ್ರೀಲಾಲ್ ಶುಕ್ಲರ ಹಿಂದಿ ಕಾದಂಬರಿ 'ರಾಗ ದರಬಾರಿ'ಯಲ್ಲಿ ಈ ಮಾತು ಬರುವಾಗ ಪಕ್ಕದಲ್ಲಿ ಕೂತು ಭಂಗಿ ಅರೆಯುವವರು, ಹೌದಪ್ಪಗಳು, ಪೈಲ್ವಾನರು ಎಲ್ಲರೂ ಇರುತ್ತಾರೆ. ಇದು ತಪ್ಪು ಎಂದು ಪುಟದ ಮೇಲೆ ಯಾರೂ ಹೇಳುವುದಿಲ್ಲ. ನಿರೂಪಕನೂ ಹೇಳುವುದಿಲ್ಲ; ಅವನು ವೈದ್ಯಜೀಯ ಬುದ್ಧಿವಂತಿಕೆಗೆ ತಲೆದೂಗುವವನ ಹಾಗೆ ಮುಂದಿನ ವಾಕ್ಯಕ್ಕೆ ಹೋಗುತ್ತಾನೆ. ತಪ್ಪು ಎನ್ನುವ ಮಾತು ಓದುವವನ ತಲೆಯಲ್ಲಿ ಹುಟ್ಟಬೇಕು. ಹುಟ್ಟದಿದ್ದರೆ ಆ ಪುಟದಲ್ಲಿ ವಿಡಂಬನೆಯೇ ಇಲ್ಲ, ಒಬ್ಬ ಊರ ಗೌಡನ ಜಾಣತನದ ವರದಿ ಮಾತ್ರ ಇದೆ. ಬೇರೆ ಕಾದಂಬರಿಗಳಲ್ಲೂ ಓದುಗನಿಗೆ ಕೆಲಸವಿರುತ್ತದೆ, ನಿಜ. ಆದರೆ ವಿಡಂಬನೆಯ ಕಾದಂಬರಿ ತನ್ನ ಅರ್ಥದ ಅರ್ಧವನ್ನು ಬೇಕೆಂದೇ ಬರೆಯದೆ ಬಿಟ್ಟಿರುತ್ತದೆ. ಆ ಅರ್ಧವನ್ನು ನಾವು ಎಲ್ಲಿ ಕೂತು ತುಂಬುತ್ತೇವೆ ಎಂಬುದರ ಮೇಲೆ ಕೃತಿಯ ಹಣೆಬರಹ ನಿಂತಿದೆ. 1968ರಲ್ಲಿ ಪ್ರಕಟವಾಗಿ 1969ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ಮಿಕ್ಕ ಎಷ್ಟೋ ವಿಡಂಬನೆಗಳಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಓದುಗನಿಗೆ ಮೊದಲು ಒಂದು ಮೆತ್ತನೆಯ ಕುರ್ಚಿ ಹಾಕಿಕೊಟ್ಟು, ಕೊನೆಗೆ ಅದನ್ನು ಕಿತ್ತುಕೊಳ್ಳುತ್ತದೆ. ನಮ್ಮಲ್ಲಿ ಬಹಳ ಮಂದಿ ಕುರ್ಚಿ ಕೀಳುವ ಮೊದಲೇ ನಕ್ಕು ಎದ್ದು ಹೋಗಿರುತ್ತೇವೆ ಎಂಬುದು ನನ್ನ ತಕರಾರು.

ಆ ಕುರ್ಚಿಯ ಹೆಸರು ರಂಗನಾಥ. ಇತಿಹಾಸದಲ್ಲಿ ಎಂ.ಎ. ಮಾಡಿ ಸಂಶೋಧನೆಗೆ ಕೈ ಹಾಕಿದ ಪಟ್ಟಣದ ಹುಡುಗ, ಆರೋಗ್ಯ ಕೆಟ್ಟು, ಸೋದರಮಾವ ವೈದ್ಯಜೀಯ ಊರಾದ ಶಿವಪಾಲಗಂಜಕ್ಕೆ ಹವಾ ಬದಲಾವಣೆಗೆ ಬರುತ್ತಾನೆ. ಪಟ್ಟಣದ ಅಂಚಿನಲ್ಲಿ ಒಂದು ಲಾರಿ ಹತ್ತುತ್ತಾನೆ. ಅವನ ಖಾದಿ ನೋಡಿ ಚಾಲಕ ಸಿ.ಐ.ಡಿ. ಇರಬೇಕೆಂದುಕೊಳ್ಳುತ್ತಾನೆ. ರಂಗನಾಥನ ಜೊತೆ ನಾವೂ ಆ ಲಾರಿ ಹತ್ತುತ್ತೇವೆ. ಕಾಲೇಜಿನ ಪ್ರಿನ್ಸಿಪಾಲ ಹೇಗೆ ಬಾಲ ಅಲ್ಲಾಡಿಸುತ್ತಾನೆ, ಪಂಚಾಯಿತಿ ಯಾರ ಜೇಬಿನಲ್ಲಿದೆ, ಪೊಲೀಸ್ ಠಾಣೆಗೂ ವೈದ್ಯಜೀಯ ಜಗಲಿಗೂ ನಡುವೆ ಏನು ನಡೆಯುತ್ತದೆ ಎಂಬುದೆಲ್ಲ ಅವನಿಗೆ ತಿಳಿಯುವ ಹೊತ್ತಿಗೇ ನಮಗೂ ತಿಳಿಯುತ್ತದೆ. ಅವನು ಬೆರಗಾದಾಗ ನಾವು ಬೆರಗಾಗುತ್ತೇವೆ. ಅವನಿಗೆ ಸಿಟ್ಟು ಬಂದಾಗ ನಮಗೂ ಬರುತ್ತದೆ, ಅವನು ಸುಮ್ಮನಾದಾಗ ನಾವೂ ಪುಟ ತಿರುವುತ್ತೇವೆ. ಈ ಕೊನೆಯದನ್ನು ನಾವು ಗಮನಿಸುವುದಿಲ್ಲ. ಶುಕ್ಲರು ಗಮನಿಸಿದ್ದಾರೆ.

ಇಡೀ ಕಾದಂಬರಿಯಲ್ಲಿ ರಂಗನಾಥ ಏನು ಮಾಡುತ್ತಾನೆ ಎಂದು ಲೆಕ್ಕ ಹಾಕಿದರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ. ನೋಡುತ್ತಾನೆ, ಕೇಳುತ್ತಾನೆ, ಒಳಗೊಳಗೇ ಕುದಿಯುತ್ತಾನೆ, ಮಾವನ ಮನೆಯ ಅನ್ನ ಉಂಡು ಮೈ ಹಿಡಿಸಿಕೊಳ್ಳುತ್ತಾನೆ. ವೈದ್ಯಜೀಯ ಮನೆಯಾಳು ಸನೀಚರ ಗ್ರಾಮಪ್ರಧಾನನಾಗುವ ಚುನಾವಣೆಯ ಭಾಗ ನೋಡಿ. ಪಂಚಾಯಿತಿ ಚುನಾವಣೆ ಗೆಲ್ಲಲು ಆ ಸೀಮೆಯಲ್ಲಿ ಮೂರು ಪದ್ಧತಿಗಳುಂಟು ಎಂದು ನಿರೂಪಕ ಶಾಸ್ತ್ರಗ್ರಂಥದ ಗತ್ತಿನಲ್ಲಿ ವಿವರಿಸುತ್ತಾನೆ. ಒಂದೊಂದಕ್ಕೂ ಅದು ಹುಟ್ಟಿದ ಊರಿನ ಹೆಸರು. ಮಹಿಪಾಲಪುರ ಪದ್ಧತಿಯ ಗುಟ್ಟು ಗಡಿಯಾರದಲ್ಲಿದೆ. ಚುನಾವಣಾಧಿಕಾರಿಯ ಗಡಿಯಾರ ಸ್ವಲ್ಪ ಮುಂದೆ ಓಡುತ್ತದೆ, ಎದುರು ಪಕ್ಷದ ಮತದಾರರು ಬರುವಷ್ಟರಲ್ಲಿ ಮತದಾನ ಮುಗಿದಿರುತ್ತದೆ. ಯಾರಿಗೂ ಏಟು ಬೀಳಲಿಲ್ಲ, ಪೆಟ್ಟಿಗೆ ಒಡೆಯಲಿಲ್ಲ, ಕಾನೂನಿಗೆ ಗೀರೂ ಬೀಳಲಿಲ್ಲ. ಇದನ್ನು ಓದುವಾಗ ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಹಾಗೆ ನಗುವವನು ಆ ಕ್ಷಣದಲ್ಲಿ ಸೋತವನ ಜೊತೆಗಿರುವುದಿಲ್ಲ. ಉಪಾಯ ಕಂಡುಹಿಡಿದವನ ಜಾಣತನವನ್ನು ಸವಿಯುತ್ತಿರುತ್ತಾನೆ.

ಲಂಗಡನ ಕತೆಗೆ ಬರೋಣ, ಏಕೆಂದರೆ ಓದುಗರು ಹೆಚ್ಚು ಜಾರಿಬಿದ್ದಿರುವುದು ಅಲ್ಲಿ. ಕಾಲು ಊನವಾದ್ದರಿಂದ ಊರವರು ಆ ಹೆಸರಿಟ್ಟಿದ್ದಾರೆ. ಕೊರಳಲ್ಲಿ ಕಂಠಿ ಹಾಕಿಕೊಂಡ ಭಗತ. ಅವನಿಗೆ ತಹಶೀಲು ಕಚೇರಿಯಿಂದ ಒಂದು ದಾಖಲೆಯ ನಕಲು ಬೇಕು. ಕೊಡಬೇಕಾದ ಗುಮಾಸ್ತ ಲಂಚ ಕೇಳುತ್ತಾನೆ, ಇವನು ಕೊಡುವುದಿಲ್ಲ. ಅಲ್ಲಿಂದ ಶುರುವಾಗುತ್ತದೆ ಅಲೆದಾಟ. ಅರ್ಜಿಗೆ ಒಂದಲ್ಲ ಒಂದು ಕೊರತೆ, ಒಂದು ತಿದ್ದಿದರೆ ಇನ್ನೊಂದು. ಕೊರತೆ ಏನೆಂದು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಹಚ್ಚುತ್ತಾರೆಯೇ ಹೊರತು ಮನೆಗೆ ತಿಳಿಸುವುದಿಲ್ಲವಾದ್ದರಿಂದ ಅವನು ಕಾಲೆಳೆದುಕೊಂಡು ಬಂದು ಬೋರ್ಡು ನೋಡಬೇಕು. ಕಾದಂಬರಿಯ ಉದ್ದಕ್ಕೂ ಬೇರೆ ಬೇರೆ ಗದ್ದಲಗಳ ನಡುವೆ ಅವನು ಆಗಾಗ ಹೀಗೆ ಬಂದು ಹೋಗುತ್ತಾನೆ. ಕೊನೆಗೆ ನಕಲು ತಯಾರಾಗುತ್ತದೆ. ಬೋರ್ಡಿನಲ್ಲಿ ಹೆಸರೂ ಬರುತ್ತದೆ. ಆ ದಿನಗಳಲ್ಲಿ ಲಂಗಡ ಜ್ವರ ಬಂದು ಮಲಗಿರುತ್ತಾನೆ. ಅವಧಿ ಮೀರಿತೆಂದು ನಕಲನ್ನು ಹರಿದು ಹಾಕಲಾಗುತ್ತದೆ.

'ರಾಗ ದರಬಾರಿ' ಓದಿದವರನ್ನು ಕೇಳಿ. ಲಂಗಡನೆಂದರೆ ಲಂಚಕೋರ ವ್ಯವಸ್ಥೆಯೆದುರು ಸೆಟೆದು ನಿಂತ ಸತ್ಯವಂತ ಎನ್ನುತ್ತಾರೆ. ಪುಸ್ತಕ ತೆರೆದು ಜಗಳ ಶುರುವಾದ ಜಾಗ ನೋಡಿದರೆ ಚಿತ್ರ ಬೇರೆ. ಗುಮಾಸ್ತ ಕೇಳಿದ್ದು ಐದು ರೂಪಾಯಿ. ಲಂಗಡ ಹೇಳಿದ್ದು, ರೇಟು ಎರಡೇ ರೂಪಾಯಿ ಎಂದು. ಮಾತಿಗೆ ಮಾತು ಬೆಳೆದ ಮೇಲೆ ಇವನು ಒಂದು ಕಾಸೂ ಕೊಡದೆ ಕಾಯಿದೆ ಪ್ರಕಾರವೇ ಪಡೆಯುತ್ತೇನೆಂದು ಪಣ ತೊಡುತ್ತಾನೆ. ಅವನೂ ಒಂದು ಕಾಸೂ ಮುಟ್ಟದೆ ಕಾಯಿದೆ ಪ್ರಕಾರವೇ ಕೊಡುತ್ತೇನೆಂದು ಪಣ ತೊಡುತ್ತಾನೆ. ಲಂಗಡ ಇದನ್ನು ಧರ್ಮದ ಲಡಾಯಿ ಎಂದು ಕರೆಯುತ್ತಾನೆ. ಅಂದರೆ ಸಂತನ ಜೊತೆಗೆ ಒಬ್ಬ ಚೌಕಾಸಿಗಾರನೂ ಅವನಲ್ಲಿದ್ದ. ಅವನನ್ನು ಪೂರಾ ಸಂತನನ್ನಾಗಿ ಮಾಡಿದವರು ನಾವು, ಓದುಗರು. ನಮಗೆ ಆ ಊರಿನಲ್ಲಿ ಒಬ್ಬನಾದರೂ ಒಳ್ಳೆಯವನು ಬೇಕಿತ್ತು, ಪಕ್ಷ ವಹಿಸಲು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆ ಗುಮಾಸ್ತ ತನ್ನ ಮಾತು ಉಳಿಸಿಕೊಳ್ಳುತ್ತಾನೆ. ಲಂಚ ತಿನ್ನುವುದಿಲ್ಲ. ಅವನು ಎತ್ತಿದ ಒಂದೊಂದು ಆಕ್ಷೇಪವೂ ನಿಯಮದಲ್ಲಿ ಇರುವಂಥದೇ. ನಕಲು ಹರಿದದ್ದೂ ನಿಯಮದಂತೆಯೇ. ಆದ್ದರಿಂದ ಇದನ್ನು ಭ್ರಷ್ಟಾಚಾರದ ಕತೆ ಎಂದು ಕಪಾಟಿನಲ್ಲಿ ಇಟ್ಟರೆ ಕತೆಯ ಮುಳ್ಳನ್ನೇ ಕಿತ್ತ ಹಾಗಾಯಿತು. ಎರಡು ರೂಪಾಯಿಗೆ ಆಗಿಹೋಗುತ್ತಿದ್ದ ಕೆಲಸ ಕಾಯಿದೆಯ ದಾರಿಯಲ್ಲಿ ಹೊರಟು ಸತ್ತುಹೋಯಿತು ಎನ್ನುವುದು ಲಂಚದ ವಿರುದ್ಧದ ನೀತಿಪಾಠವಲ್ಲ, ಅದಕ್ಕಿಂತ ಎಷ್ಟೋ ಕಟುವಾದದ್ದು. ಶುಕ್ಲರು ಉತ್ತರ ಪ್ರದೇಶದ ಸರ್ಕಾರಿ ಅಧಿಕಾರಿಯಾಗಿ ನೌಕರಿಯಲ್ಲಿದ್ದುಕೊಂಡೇ ಈ ಪುಸ್ತಕ ಬರೆದವರು. ಕಿಟಕಿಯ ಈಚೆ ನಿಂತು ಗೊಣಗುವವರ ಸಿಟ್ಟಿನ ಬದಲು ಆಚೆ ಕೂತವನಿಗೆ ಗೊತ್ತಿರುವ ಸೂಕ್ಷ್ಮ ಈ ಪ್ರಸಂಗದಲ್ಲಿ ಕಾಣುವುದು ಅದಕ್ಕೇ.

ನಮ್ಮ ಕಡೆಯ ಓದುಗ ಇದನ್ನು ಓದಿ, ಅದು ಹಳೇ ಕಾಲದ ಕತೆ, ಉತ್ತರದವರ ಕತೆ ಎನ್ನಬಹುದು. ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿನಲ್ಲಿ ಸಿಗುತ್ತಿದೆ, 2005ರಲ್ಲಿ ಮಾಹಿತಿ ಹಕ್ಕು ಬಂತು, 2011ರಲ್ಲಿ ಕರ್ನಾಟಕದ್ದೇ ಸಕಾಲ ಕಾಯ್ದೆ ಬಂತು, ಇಷ್ಟು ದಿನದಲ್ಲಿ ಇಂಥ ಸೇವೆ ಕೊಡಲೇಬೇಕೆಂದು ಗಡುವು ಬಿತ್ತು. ಇವೆಲ್ಲ ನಿಜ. ಇವುಗಳಿಂದ ಉಪಕಾರವೂ ಆಗಿದೆ. ಆದರೆ ಅರ್ಜಿ ತಿರಸ್ಕೃತವಾಗಿದೆ, ದಾಖಲೆ ಸ್ಪಷ್ಟವಾಗಿಲ್ಲ, ಮತ್ತೆ ಸಲ್ಲಿಸಿ ಎಂಬ ಮೊಬೈಲ್ ಸಂದೇಶ ನೋಡಿದವನಿಗೆ, ಸರ್ವರ್ ಡೌನ್ ಎಂದು ನಾಡಕಚೇರಿಯಿಂದ ಹಿಂದೆ ಬಂದವನಿಗೆ ಲಂಗಡನ ನೋಟಿಸ್ ಬೋರ್ಡು ಅಷ್ಟೇನೂ ದೂರದ್ದಲ್ಲ. ಅದಕ್ಕೂ ಮಿಗಿಲಾಗಿ, ಉತ್ತರದವರ ಕತೆ ಎನ್ನುವಾಗ ನಾವು ಮಾಡುತ್ತಿರುವುದು ರಂಗನಾಥ ಮಾಡಿದ್ದನ್ನೇ. ಅವನಿಗೆ ಅದು ಹಳ್ಳಿಯವರ ಕತೆಯಾಗಿತ್ತು. ಹಿಂದಿ ಬಲ್ಲ ಪಟ್ಟಣಿಗನಿಗೆ ಊರಿನ ದೂರ ಒಂದೇ. ಕನ್ನಡದ ಓದುಗನಿಗೆ ಅದರ ಮೇಲೆ ಸೀಮೆಯ ದೂರವೂ ಸೇರಿ ಕುರ್ಚಿ ಇನ್ನಷ್ಟು ಮೆತ್ತಗಾಗುತ್ತದೆ.

ವಿಡಂಬನೆ ಹೀಗೆ ಓದುಗನ ಕೈಯಲ್ಲಿ ಬೇರೆ ಏನೋ ಆಗಿಬಿಡುವುದು ಹೊಸತಲ್ಲ. 1726ರಲ್ಲಿ 'ಗಲಿವರನ ಯಾತ್ರೆಗಳು' ಹೊರಬಂದ ತಿಂಗಳಲ್ಲೇ ಸ್ವಿಫ್ಟ್ ಗೆಳೆಯ ಪೋಪನಿಗೆ ಬರೆದ ಕಾಗದದಲ್ಲಿ ಒಬ್ಬ ಬಿಷಪ್ಪನ ಪ್ರಸ್ತಾಪವಿದೆ. ಈ ಪುಸ್ತಕದ ತುಂಬ ನಂಬಲಾಗದ ಸುಳ್ಳುಗಳೇ ಇವೆ ಎಂದು ಆತ ತೀರ್ಪು ಕೊಟ್ಟನಂತೆ. ನಂತರದ ಕಾಲ ಅದನ್ನು ಮಕ್ಕಳ ಕಪಾಟಿಗೆ ತಳ್ಳಿತು. ಆರ್ವೆಲ್‌ನ 'ಅನಿಮಲ್ ಫಾರ್ಮ್' 1954ರಲ್ಲಿ ಕಾರ್ಟೂನ್ ಚಿತ್ರವಾದಾಗ ಹಿಂದೆ ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ.ಯ ದುಡ್ಡಿತ್ತು. ಹಂದಿಗೂ ಮನುಷ್ಯನಿಗೂ ವ್ಯತ್ಯಾಸ ತಿಳಿಯದೆ ಪ್ರಾಣಿಗಳು ಕಿಟಕಿಯಲ್ಲಿ ಇಣುಕುವ ಕಾದಂಬರಿಯ ಕೊನೆ ಆ ಓದುಗರಿಗೆ ಹಿಡಿಸಲಿಲ್ಲ, ಚಿತ್ರದಲ್ಲಿ ಪ್ರಾಣಿಗಳು ಮತ್ತೆ ದಂಗೆ ಏಳುತ್ತವೆ. ದುಡ್ಡಿದ್ದವರು ಕೊನೆಯನ್ನು ತಿದ್ದಿದರು, ದುಡ್ಡಿಲ್ಲದ ನಾವು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತೇವೆ.

'ರಾಗ ದರಬಾರಿ' ಬಂದಾಗ ಹಿಂದಿಯ ಕೆಲವು ಹಿರಿಯರಿಗೂ ಅದು ಹಿಡಿಸಿರಲಿಲ್ಲ. ನೇಮಿಚಂದ್ರ ಜೈನ್ ಅದನ್ನು ಕಟುವಾಗಿ ವಿಮರ್ಶಿಸಿದರು. ಪ್ರೇಮಚಂದರ ಮಗ ಶ್ರೀಪತ್ ರಾಯ್ ಇದು ಬೇಸರ ತರಿಸುವ ಪುಸ್ತಕ ಎಂದರು. ಪ್ರೇಮಚಂದರ ಹಳ್ಳಿಯಲ್ಲಿ ಬೆಳೆದ ಓದುಗ ಶಿವಪಾಲಗಂಜದಲ್ಲಿ ಅವರ ಬಡ ರೈತ ಹೋರಿಯಂಥ ಒಬ್ಬನನ್ನು ಹುಡುಕುತ್ತಾನೆ, ಸಿಗುವುದಿಲ್ಲ; ಕಣ್ಣೀರು ಹಾಕಲು ಜಾಗವೇ ಇಲ್ಲದ ಹಳ್ಳಿ ಅವನಿಗೆ ಸುಳ್ಳೆನಿಸುತ್ತದೆ. ಈ ಆಕ್ಷೇಪದಲ್ಲಿ ಒಂದು ಪಾಲು ಕುರ್ಚಿ ಸಿಗದವನ ಮುನಿಸು. ಆದರೆ ಇನ್ನೊಂದು ಪಾಲು ನ್ಯಾಯವಾದದ್ದೇ. ಮುನ್ನೂರು ಪುಟ ದಾಟುವ ಪುಸ್ತಕದಲ್ಲಿ ಎರಡು ಮೂರು ವಾಕ್ಯಕ್ಕೊಂದು ಚಟಾಕಿ ಸಿಡಿಯುತ್ತದೆ. ನಡುಭಾಗದಲ್ಲಿ ಪಾತ್ರಗಳು ಮನುಷ್ಯರಾಗಿ ಉಳಿಯದೆ ಚಟಾಕಿ ಹಚ್ಚುವ ಬತ್ತಿಗಳಾಗುತ್ತವೆ. ಹಾಗಾಗಿಯೇ ಈ ಕಾದಂಬರಿ ಬಿಡಿ ಬಿಡಿ ಮಾತುಗಳಾಗಿ ಹೆಚ್ಚು ಬದುಕಿದೆ. ಶಿಕ್ಷಣ ವ್ಯವಸ್ಥೆಯನ್ನು ಬೀದಿಯಲ್ಲಿ ಬಿದ್ದ ಹೆಣ್ಣುನಾಯಿಗೆ ಹೋಲಿಸುವ ಸಾಲು ಪುಸ್ತಕವನ್ನೇ ಮುಟ್ಟದವರ ಬಾಯಲ್ಲೂ ಓಡಾಡುತ್ತದೆ. ಆ ನಾಯಿಗೆ ಹೋಗಿ ಬರುವವರೆಲ್ಲ ಒದೆಯುತ್ತಾರೆ ಎಂದು ಹೇಳುವವನು ತಾನೂ ಒಂದು ಒದೆ ಕೊಟ್ಟು ಚಪ್ಪಾಳೆ ಗಿಟ್ಟಿಸುತ್ತಾನೆ. ವಿಡಂಬನೆಗೆ ಬರಬಹುದಾದ ಕೆಟ್ಟ ಗತಿ ಇದು. ವೈದ್ಯಜೀಯಂಥವರು ನಿಷೇಧಿಸಿದ್ದರೆ ಕೃತಿಗೆ ಮರ್ಯಾದೆಯಾದರೂ ಸಿಗುತ್ತಿತ್ತು. ಅವರು ಅದನ್ನು ಉದ್ಘಾಟನಾ ಭಾಷಣದಲ್ಲಿ ಉದ್ಧರಿಸುತ್ತಾರೆ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಓದಿನ ಅನುಭವ ನನಗೆ ಆದದ್ದು ತೇಜಸ್ವಿಯವರ 'ಚಿದಂಬರ ರಹಸ್ಯ'ದಲ್ಲಿ (1985). ಅಲ್ಲೂ ಹೊರಗಿನಿಂದ ಬರುವ ಒಬ್ಬ ಇದ್ದಾನೆ, ತನಿಖೆಗೆ ಬರುವ ಶ್ಯಾಮನಂದನ ಅಂಗಡಿ. ಪತ್ತೇದಾರಿ ಕಾದಂಬರಿ ಓದುವ ಚಪಲ ಇರುವ ನಾವು ಅವನ ಬೆನ್ನು ಹಿಡಿಯುತ್ತೇವೆ. ಏಲಕ್ಕಿ ಬೆಳೆಗೆ ಏನಾಯಿತು, ವಿಜ್ಞಾನಿ ಜೋಗಿಹಾಳರ ಸಾವಿನ ಹಿಂದೆ ಯಾರಿದ್ದಾರೆ ಎಂದು ಸುಳಿವು ಹೆಕ್ಕುತ್ತ ಹೋಗುತ್ತೇವೆ. ನಾವು ಸುಳಿವು ಹೆಕ್ಕುವುದರಲ್ಲಿ ಮಗ್ನರಾಗಿರುವಾಗ ಆ ಊರು, ಕೆಸರೂರು, ಕಣ್ಣೆದುರೇ ಬೆಂಕಿಗೆ ಸಿದ್ಧವಾಗುತ್ತಿರುತ್ತದೆ. ತೇಜಸ್ವಿ ಓದುಗನ ಕುತೂಹಲವನ್ನು ಬಲೆ ಮಾಡಿಕೊಂಡರೆ ಶುಕ್ಲರು ಓದುಗನ ಸಾತ್ವಿಕ ಸಿಟ್ಟನ್ನು ಬಲೆ ಮಾಡಿಕೊಂಡರು. ಎರಡನೆಯದು ಬಿಡಿಸಿಕೊಳ್ಳಲು ಕಷ್ಟವಾದ ಬಲೆ, ಏಕೆಂದರೆ ಕುತೂಹಲಕ್ಕಾಗಿ ಯಾರೂ ತಮ್ಮನ್ನು ಮೆಚ್ಚಿಕೊಳ್ಳುವುದಿಲ್ಲ, ಸಿಟ್ಟಿಗಾಗಿ ಮೆಚ್ಚಿಕೊಳ್ಳುತ್ತಾರೆ.

ಆ ಬಲೆ ಬಿಗಿಯುವುದು ಕೊನೆಯ ಪುಟಗಳಲ್ಲಿ. ಕಾಲೇಜಿನಲ್ಲಿ ವೈದ್ಯಜೀಯ ಗುಂಪಿಗೆ ಎದುರು ನಿಂತಿದ್ದ ಖನ್ನಾ ಮಾಸ್ತರನಿಂದ ಬಲವಂತವಾಗಿ ರಾಜೀನಾಮೆ ಬರೆಸಿಕೊಳ್ಳುತ್ತಾರೆ. ಖಾಲಿಯಾದ ಆ ಜಾಗಕ್ಕೆ ಬಾ ಎಂದು ರಂಗನಾಥನನ್ನು ಕರೆಯುತ್ತಾರೆ. ಅವನು ಕೆರಳುತ್ತಾನೆ. ಆಗ ಪ್ರಿನ್ಸಿಪಾಲ, ಅಲ್ಲಿಯವರೆಗೂ ನಾವು ಬರೀ ಕೋಡಂಗಿ ಎಂದುಕೊಂಡಿದ್ದ ಆಸಾಮಿ, ಸಲಿಗೆಯಿಂದಲೇ ಒಂದು ಮಾತು ಹೇಳುತ್ತಾನೆ: ನೀನು ಎಲ್ಲಿಗೆ ಹೋದರೂ ನಿನಗೆ ಸಿಗುವುದು ಯಾವನೋ ಒಬ್ಬ ಖನ್ನಾನ ಜಾಗವೇ ಎನ್ನುವ ಅರ್ಥದ ಮಾತು. ಕಾದಂಬರಿಯಲ್ಲಿ ಯಾರೂ ರಂಗನಾಥನಿಗೆ ಇಷ್ಟು ನೇರವಾಗಿ ಕನ್ನಡಿ ಹಿಡಿದಿರಲಿಲ್ಲ. ಹಿಡಿದವನು ಊರಿನ ಅತಿ ದೊಡ್ಡ ಬಾಲಬಡುಕ ಎನ್ನುವುದರಲ್ಲಿ ಶುಕ್ಲರ ಕೈಚಳಕವಿದೆ. ಸತ್ಯ ಹೇಳಿದವನ ಯೋಗ್ಯತೆಯನ್ನು ಎತ್ತಿ ಆ ಸತ್ಯದಿಂದ ತಪ್ಪಿಸಿಕೊಳ್ಳುವ ದಾರಿ ನಮಗೆ ತೆರೆದೇ ಇದೆ, ಬಹಳ ಮಂದಿ ತಪ್ಪಿಸಿಕೊಂಡೂ ಇದ್ದಾರೆ.

ಆಮೇಲೆ ಬರುವ ಭಾಗಕ್ಕೆ ಶುಕ್ಲರು ಪಲಾಯನದ ಸಂಗೀತ ಎಂದು ಹೆಸರಿಟ್ಟಿದ್ದಾರೆ. ನಿರೂಪಕ ಇದ್ದಕ್ಕಿದ್ದಂತೆ 'ನೀನು' ಎಂದು ಏಕವಚನದಲ್ಲಿ ಮಾತಾಡಲು ತೊಡಗುತ್ತಾನೆ. ಮಧ್ಯಮ ದರ್ಜೆಯ ಮನುಷ್ಯನಾದ ನೀನು ಈ ಕೆಸರಿನಲ್ಲಿ ಸಿಕ್ಕಿಕೊಂಡಿದ್ದೀ, ಓಡು, ಸಂಶೋಧನೆಗೆ ಓಡು, ವಿಚಾರಸಂಕಿರಣಗಳಿಗೆ ಓಡು, ವಿದೇಶಕ್ಕೆ ಓಡು, ಗತವೈಭವಕ್ಕೆ ಓಡು ಎಂಬ ಧಾಟಿ. ಯಾರಿಗೆ ಹೇಳುತ್ತಿದ್ದಾನೆ? ವ್ಯಾಕರಣದ ಪ್ರಕಾರ ರಂಗನಾಥನಿಗೆ. ಆದರೆ ರಂಗನಾಥ ಆ ಹೊತ್ತಿಗೆ ಪುಟದ ಮೇಲೆ ಬಹುತೇಕ ಕರಗಿಹೋಗಿರುತ್ತಾನೆ. ಪುಸ್ತಕ ಕೈಯಲ್ಲಿ ಹಿಡಿದು ಕೂತ, ಓದುವ ಪುರುಸೊತ್ತೂ ವಿದ್ಯೆಯೂ ಇರುವ, ವಿಚಾರಸಂಕಿರಣಗಳಿಗೆ ಹೋಗಿಬರುವ ಇನ್ನೊಬ್ಬ ಮಾತ್ರ ಅಲ್ಲಿ ಉಳಿದಿರುತ್ತಾನೆ. ಮುನ್ನೂರು ಚಿಲ್ಲರೆ ಪುಟ ನಗುತ್ತ ಬಂದವನಿಗೆ ಇಲ್ಲಿ ನಗು ಬರುವುದಿಲ್ಲ, ಅಥವಾ ಬಂದರೂ ಅದು ಮೊದಲಿನ ನಗುವಲ್ಲ. ಈ ಭಾಗ ಓದಿದ ಮೇಲೆ ಗೋಧಿ ಕಳವಿನ ಪ್ರಸಂಗಕ್ಕೆ ಮರಳಿದರೆ, ವೈದ್ಯಜೀಯ ತರ್ಕ ನನ್ನ ಸುತ್ತಲ ಎಷ್ಟು ಸಭ್ಯ ಬಾಯಿಗಳಲ್ಲಿ, ಎಷ್ಟು ವರದಿಗಳಲ್ಲಿ, ಎಷ್ಟು ಆಡಳಿತ ಮಂಡಳಿಗಳಲ್ಲಿ ಕೇಳಿದ್ದೇನೆ ಎಂದು ಎಣಿಸುವ ಓದು ಶುರುವಾಗುತ್ತದೆ. ಒಂದೇ ಸಲ ಓದಿದವನು ಈ ಕಾದಂಬರಿಯ ಮುಕ್ಕಾಲು ಪಾಲನ್ನಷ್ಟೇ ಓದಿದ್ದಾನೆ ಎನ್ನಲು ನನಗೆ ಅಳುಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಲೆಕ್ಕ ಬಾಕಿ ಇದೆ. ಓದುಗನ ಕೆಲಸ ಲೇಖಕ ತೋಡಿದ ಹಳ್ಳಕ್ಕೆ ಸರಿಯಾಗಿ ಬೀಳುವುದು ಮಾತ್ರವಲ್ಲ. ಲೇಖಕನೇ ಎಡವಿದ ಕಡೆ ನಗಲು ಒಪ್ಪದಿರುವುದೂ ಅವನ ಕೆಲಸ. ಕಾದಂಬರಿಯ ಮೊದಲ ಪುಟದಲ್ಲೇ ಲಾರಿಯ ವರ್ಣನೆ ಬರುತ್ತದೆ. ರಸ್ತೆಗಳ ಮೇಲೆ ಬಲಾತ್ಕಾರ ಮಾಡಲೆಂದೇ ಅದು ಹುಟ್ಟಿದೆ ಎನ್ನುವ ಹೋಲಿಕೆ. ಐವತ್ತು ವರ್ಷಗಳ ಹಿಂದೆ ಅದಕ್ಕೆ ಗಹಗಹಿಸಿದವರು ಬಹಳ ಮಂದಿ ಇರಬೇಕು. ಇವತ್ತು ಓದುವ ಹೆಣ್ಣುಮಗಳು ಅಲ್ಲೇ ನಿಲ್ಲುತ್ತಾಳೆ, ನಿಲ್ಲಬೇಕು ಕೂಡ. ಕಾಲ ಬದಲಾಯಿತು, ರುಚಿ ಬದಲಾಯಿತು ಎಂದು ಅದನ್ನು ತೇಲಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅದು ಒಂದು ಹೋಲಿಕೆಯ ಮಾತಲ್ಲ. ಶಿವಪಾಲಗಂಜದಲ್ಲಿ ಹೆಂಗಸರು ಇದ್ದೂ ಇಲ್ಲ. ಗಯಾದೀನನ ಮಗಳು ಬೇಲಾ ಕಾದಂಬರಿಯ ಅರ್ಧ ಗಾಳಿಸುದ್ದಿಗೆ ಕಾರಣಳು. ಅವಳ ಬಾಯಲ್ಲಿ ಮಾತುಗಳು ಬೆರಳೆಣಿಕೆಯಷ್ಟೂ ಇಲ್ಲ. ಒಂದು ರಾತ್ರಿ ಮಾಳಿಗೆಯ ಮೇಲೆ ಮಲಗಿದ ರಂಗನಾಥನ ಬಳಿ ಒಬ್ಬ ಹೆಂಗಸು ಬೇರೆ ಯಾರೋ ಎಂದುಕೊಂಡು ಬಂದು, ತಪ್ಪು ತಿಳಿದು ಹೆದರಿ ಓಡಿಹೋಗುತ್ತಾಳೆ. ಮುಂದಿನ ಪುಟಗಳು ರಂಗನಾಥನ ಕಲ್ಪನಾವಿಲಾಸಕ್ಕೆ ಮೀಸಲು. ಅವಳ ಹೆದರಿಕೆ ಒಂದು ಹಾಸ್ಯದ ತಿರುವಿಗೆ ಬಳಕೆಯಾಗಿ ಮುಗಿಯುತ್ತದೆ.

ಇಲ್ಲಿ ನಿರೂಪಕನ ದನಿ ರಂಗನಾಥನನ್ನು ಚುಚ್ಚುತ್ತಿದೆ, ಪಟ್ಟಣಿಗನ ಚಪಲವನ್ನು ಬಯಲು ಮಾಡುತ್ತಿದೆ ಎಂದು ವಾದಿಸುವವರಿದ್ದಾರೆ. ಆ ವಾದ ಅರ್ಧ ದಾರಿಗೆ ನಿಲ್ಲುತ್ತದೆ. ಲಂಗಡನನ್ನು ನೋಡಿ ಊರು ನಗುವಾಗ ನಿರೂಪಕ ಆ ನಗುವಿನಿಂದ ಒಂದು ಗೇಣು ದೂರ ನಿಂತದ್ದು ನಮಗೆ ಗೊತ್ತಾಗುತ್ತದೆ. ನೋಟಿಸ್ ಬೋರ್ಡಿನ ಕಡೆ ಎಳೆಯುವ ಆ ಕಾಲನ್ನು ಅವನು ಮತ್ತೆ ಮತ್ತೆ ತೋರಿಸುವುದರಿಂದಲೇ ಗೊತ್ತಾಗುತ್ತದೆ. ಬೇಲಾಳ ವಿಷಯದಲ್ಲಿ ಆ ಒಂದು ಗೇಣು ಇಲ್ಲ. ವೈದ್ಯಜೀಯ ಹಿರಿಮಗ ಬದ್ರಿ ಪೈಲ್ವಾನ್ ಅವಳನ್ನು ಮದುವೆಯಾಗುತ್ತೇನೆಂದಾಗ ಜಾತಿಯ ಪ್ರಶ್ನೆ ಎದ್ದು ಅಪ್ಪ ಮಗನ ನಡುವೆ ನಡೆಯುವ ಜಟಾಪಟಿಯನ್ನು ಶುಕ್ಲರು ಸೊಗಸಾಗಿ ಬರೆದಿದ್ದಾರೆ, ವೈದ್ಯಜೀ ಮೊದಲ ಸಲ ಪೇಚಿಗೆ ಸಿಕ್ಕಿ ಬೆವರುವುದನ್ನು ನಾವು ಖುಷಿಯಿಂದ ನೋಡುತ್ತೇವೆ. ಅವಳಿಗೆ ಈ ಮದುವೆ ಬೇಕೇ ಎಂದು ಅಪ್ಪನೂ ಕೇಳುವುದಿಲ್ಲ, ಮಗನೂ ಕೇಳುವುದಿಲ್ಲ, ಊರಿನ ಸಮಸ್ತರನ್ನೂ ಕಟಕಟೆಗೆ ಎಳೆದ ನಿರೂಪಕನೂ ಕೇಳುವುದಿಲ್ಲ.